ಕೃಷ್ಣಾ ತೀರದ ಮನೆಗಳಲ್ಲಿ ಕಂಪ್ಯೂಟರ್: ಖರೀದಿ, ಕಡತ ರಕ್ಷಣೆ, ತಂತ್ರಾಂಶ ನವೀಕರಣ

ಚಿಕ್ಕೋಡಿ: 2019ರ ಆಗಸ್ಟ್ ಮೊದಲ ವಾರದಲ್ಲಿ ಪಶ್ಚಿಮ ಮಹಾರಾಷ್ಟ್ರದಲ್ಲಿ ಸುರಿದ ಭಾರಿ ಮಳೆಯಿಂದ ಕೃಷ್ಣಾ, ದೂಧಗಂಗಾ ಮತ್ತು ವೇದಗಂಗಾ ನದಿಗಳು ಉಕ್ಕಿ ಹರಿದವು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳ ನದಿತೀರದ ಊರುಗಳಿಗೆ ನೀರು ನುಗ್ಗಿತು. ಜನರು ದನಕರುಗಳನ್ನೂ ಕೈಗೆ ಸಿಕ್ಕ ಗಂಟುಮೂಟೆಗಳನ್ನೂ ತೆಗೆದುಕೊಂಡು ಪರಿಹಾರ ಕೇಂದ್ರಗಳತ್ತ ಹೊರಟರು. ಅಂಥ ಹೊತ್ತಿನಲ್ಲಿ ಮೇಜಿನ ಮೇಲಿನ ಕಂಪ್ಯೂಟರ್ ಯಾರ ನೆನಪಿಗೂ ಬರುವುದಿಲ್ಲ. ನೀರು ಇಳಿದ ಮೇಲೆ ಮನೆಗೆ ಮರಳಿದಾಗ ಮಾತ್ರ ಮದುವೆಯ ಚಿತ್ರಗಳು, ಅಂಗಡಿಯ ಲೆಕ್ಕ, ಮಕ್ಕಳ ಓದಿನ ಕಡತಗಳು ಅದರೊಳಗೇ ಇದ್ದವೆಂಬುದು ಅರಿವಿಗೆ ಬರುತ್ತದೆ.

ಆ ವರ್ಷ ರಾಜ್ಯ ಸರಕಾರವು ನೆರೆ ಸಂತ್ರಸ್ತ ಕುಟುಂಬಕ್ಕೆ ತಲಾ 10 ಸಾವಿರ ರೂಪಾಯಿಗಳ ತುರ್ತು ಪರಿಹಾರ ನೀಡಿತ್ತು. ಬಟ್ಟೆಬರೆ, ಪಾತ್ರೆಪಗಡಗಳಿಗೇ ಸಾಲದ ಆ ಮೊತ್ತದಲ್ಲಿ ಹೊಸ ಕಂಪ್ಯೂಟರ್ ಕೊಳ್ಳುವುದು ದೂರದ ಮಾತು. ಯಂತ್ರವನ್ನಾದರೂ ಕಾಲಾಂತರದಲ್ಲಿ ಮತ್ತೆ ಕೊಳ್ಳಬಹುದು, ಆದರೆ ಅದರೊಳಗಿನ ಕಡತಗಳು ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ. 2005ರಲ್ಲಿ, 2019ರಲ್ಲಿ, ಮತ್ತೆ 2021ರ ಜುಲೈಯಲ್ಲಿ ಈ ಭಾಗವು ಪ್ರವಾಹವನ್ನು ಕಂಡಿದೆ. ಆದ್ದರಿಂದ ಇಲ್ಲಿನ ಮನೆಗಳಲ್ಲಿ ಕಂಪ್ಯೂಟರ್ ಖರೀದಿ, ದುರಸ್ತಿ, ತಂತ್ರಾಂಶ ನವೀಕರಣ ಈ ಮೂರನ್ನೂ ಕಡತಗಳು ಉಳಿಯುತ್ತವೆಯೇ ಎಂಬ ಒಂದೇ ಪ್ರಶ್ನೆಯಿಂದ ನೋಡುವುದು ಉಚಿತ. ಆ ಕುರಿತ ಮಾಹಿತಿ ಇಲ್ಲಿದೆ. ನೆರೆಯ ಭಯವಿಲ್ಲದ ಊರುಗಳ ಓದುಗರಿಗೂ ಇದರ ಬಹುಭಾಗ ಉಪಯೋಗಕ್ಕೆ ಬರುತ್ತದೆ.

ಮೇಜಿನ ಕಂಪ್ಯೂಟರೋ, ಲ್ಯಾಪ್‌ಟಾಪೋ?

ಅದೇ ಬೆಲೆಗೆ ಮೇಜಿನ ಕಂಪ್ಯೂಟರ್ ಹೆಚ್ಚು ಶಕ್ತಿಯುತವಾಗಿರುತ್ತದೆ, ಅದರ ಬಿಡಿಭಾಗಗಳನ್ನು ಒಂದೊಂದಾಗಿ ಬದಲಿಸಬಹುದು, ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿಯೇ ದುರಸ್ತಿಯೂ ಆಗುತ್ತದೆ. ಇಡೀ ದಿನ ಲೆಕ್ಕ ಬರೆಯುವ ಅಂಗಡಿ, ಸೇವಾ ಕೇಂದ್ರಗಳಿಗೆ ಅದೇ ಒಳಿತು. ಆದರೆ ನದಿತೀರದ ಮನೆಗೆ ಲ್ಯಾಪ್‌ಟಾಪ್‌ನಲ್ಲಿ ಎರಡು ಅನುಕೂಲಗಳಿವೆ. ವಿದ್ಯುತ್ ಹೋದಾಗ ಅದು ಬ್ಯಾಟರಿಯಿಂದ ನಡೆಯುತ್ತದೆ. ಮನೆ ಬಿಡಬೇಕಾದಾಗ ಚೀಲದಲ್ಲಿ ಹಾಕಿಕೊಂಡು ಹೊರಡಬಹುದು.

ಮೇಜಿನ ಕಂಪ್ಯೂಟರನ್ನೇ ಕೊಳ್ಳುವವರು ಅದರ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯನ್ನು ಬಿಚ್ಚುವ ಬಗೆಯನ್ನು ಖರೀದಿಯ ದಿನವೇ ಅಂಗಡಿಯವರಿಂದ ಕಲಿತುಕೊಳ್ಳಬೇಕು. ಸಾಮಾನ್ಯ ಡಿಸ್ಕಿಗೆ ಎರಡು ಕೇಬಲ್‌ಗಳು, ನಾಲ್ಕು ಸ್ಕ್ರೂಗಳು ಇರುತ್ತವೆ. ಹೊಸ ಮಾದರಿಯ ಎಂ.2 ಎಸ್‌ಎಸ್‌ಡಿಯನ್ನು ಒಂದೇ ಸಣ್ಣ ಸ್ಕ್ರೂ ಹಿಡಿದಿರುತ್ತದೆ. ಪ್ರವಾಹದ ಮುನ್ನೆಚ್ಚರಿಕೆ ಬಂದಾಗ ಇಡೀ ಡಬ್ಬಿಯನ್ನು ಹೊರಲಾಗದಿದ್ದರೂ ಹತ್ತು ನಿಮಿಷದಲ್ಲಿ ಡಿಸ್ಕನ್ನು ಬಿಚ್ಚಿ ಜೇಬಿನಲ್ಲಿ ಇಟ್ಟುಕೊಂಡು ಹೋಗಬಹುದು. ಕೆಲವು ತೆಳುವಾದ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಸಂಗ್ರಹದ ಚಿಪ್ಪನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಅಂಥ ಯಂತ್ರ ನೀರಿನಲ್ಲಿ ಕೆಟ್ಟರೆ ಕಡತಗಳನ್ನು ಹೊರತೆಗೆಯುವುದು ಬಹಳ ಕಷ್ಟ. ಎಸ್‌ಎಸ್‌ಡಿಯನ್ನು ಬಿಚ್ಚಲು ಬರುತ್ತದೆಯೇ ಎಂದು ಕೊಳ್ಳುವ ಮುನ್ನ ಕೇಳಬೇಕು.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

* ರ್‍ಯಾಮ್: ಬರವಣಿಗೆ, ಅಂತರಜಾಲ, ಆನ್‌ಲೈನ್ ಪಾಠಗಳಿಗೆ 8 ಜಿಬಿ ಸಾಕು. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ, ವಿಡಿಯೊ ಕೆಲಸ ಮಾಡುವವರಿಗೆ 16 ಜಿಬಿ ಬೇಕಾಗುತ್ತದೆ. 4 ಜಿಬಿಯ ಯಂತ್ರ ಎಷ್ಟೇ ಅಗ್ಗವಾದರೂ ಬೇಡ. 2025ರ ಕೊನೆಯ ಭಾಗದಲ್ಲಿ ಜಗತ್ತಿನಾದ್ಯಂತ ರ್‍ಯಾಮ್ ಬೆಲೆ ಏರಿತು. ಹೀಗಾಗಿ ಮುಂದೆ ಹೆಚ್ಚುವರಿ ರ್‍ಯಾಮ್ ಹಾಕಲು ಖಾಲಿ ಜಾಗ ಇದೆಯೇ ಎಂದು ನೋಡಿಕೊಳ್ಳುವುದು ಜಾಣತನ.

* ಸಂಗ್ರಹ: ವಿಂಡೋಸ್ ಇರುವ ಡಿಸ್ಕು ಎಸ್‌ಎಸ್‌ಡಿಯೇ ಆಗಿರಬೇಕು. 512 ಜಿಬಿ ಇದ್ದರೆ ಮನೆಯ ಬಳಕೆಗೆ ಹಲವು ವರ್ಷ ಸಾಕಾಗುತ್ತದೆ.

* ಪ್ರೊಸೆಸರ್: ವಿಂಡೋಸ್ 11 ನಡೆಯಲು ಇಂಟೆಲ್‌ನ ಎಂಟನೆಯ ಪೀಳಿಗೆ ಅಥವಾ ನಂತರದ ಪ್ರೊಸೆಸರ್ ಬೇಕು. ಎಎಂಡಿಯಾದರೆ ಬಹುಮಟ್ಟಿಗೆ ರೈಜೆನ್ 2000 ಸರಣಿ ಅಥವಾ ನಂತರದ್ದು. ಹಳೆಯ ಇಂಟೆಲ್ ಯಂತ್ರಗಳಲ್ಲಿ ಪೀಳಿಗೆಯನ್ನು ಅಂಕಿಯಿಂದ ತಿಳಿಯಬಹುದು. ಐ5-7200ಯು ಎಂದಿದ್ದರೆ ಏಳನೆಯ ಪೀಳಿಗೆ, ಐ5-8250ಯು ಎಂದಿದ್ದರೆ ಎಂಟನೆಯದು. ‘ಐ5 ಇದೆ’ ಎಂಬ ಮಾತನ್ನಷ್ಟೇ ನಂಬಿ ನಾಲ್ಕನೆಯ ಅಥವಾ ಆರನೆಯ ಪೀಳಿಗೆಯ ಹಳೆಯ ಲ್ಯಾಪ್‌ಟಾಪ್ ಕೊಂಡವರಿಗೆ ಅಧಿಕೃತವಾಗಿ ವಿಂಡೋಸ್ 11 ದೊರೆಯುವುದಿಲ್ಲ.

* ಅಧಿಕೃತ ವಿಂಡೋಸ್: ಜೋಡಿಸಿ ಕೊಡುವ ಯಂತ್ರಗಳಲ್ಲಿ ‘ವಿಂಡೋಸ್ ಉಚಿತ’ ಎಂದರೆ ಅದು ನಕಲಿ ಪ್ರತಿಯಿರಬಹುದು. ನಕಲಿ ಪ್ರತಿ ಹಾಕುವಾಗ ನವೀಕರಣವನ್ನೂ ವೈರಸ್ ತಡೆಯನ್ನೂ ಆರಿಸಿಡುವುದುಂಟು. ವಿಂಡೋಸ್‌ಗೆ ಹಣ ಕೊಡಲು ಇಷ್ಟವಿಲ್ಲದವರು ಉಬುಂಟು ಅಥವಾ ಲಿನಕ್ಸ್ ಮಿಂಟ್‌ನಂಥ ಉಚಿತ ತಂತ್ರಾಂಶ ಹಾಕಿಸುವುದು ಮೇಲು.

* ಮುದ್ರೆ: ದೇಶದಲ್ಲಿ ಮಾರುವ ಲ್ಯಾಪ್‌ಟಾಪ್‌ಗಳಿಗೂ ಅವುಗಳ ಚಾರ್ಜರ್‌ಗಳಿಗೂ ಭಾರತೀಯ ಮಾನಕ ಬ್ಯೂರೋ ನೋಂದಣಿ ಕಡ್ಡಾಯ. ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಮೈಮೇಲೆ ಇರುತ್ತದೆ. ಅಗ್ಗದ ಬದಲಿ ಚಾರ್ಜರ್ ಕೊಳ್ಳುವಾಗ ಇದನ್ನು ತಪ್ಪದೆ ನೋಡಬೇಕು.

ಗಡಿಯಾಚೆಯ ಖರೀದಿ

ಕಾಗವಾಡ, ಅಥಣಿಯ ಜನರಿಗೆ ಮಿರಜ್ ಮತ್ತು ಸಾಂಗಲಿ, ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರದ ಪೇಟೆಗಳು. 2017ರ ಜುಲೈ 1ರಿಂದ ಜಿಎಸ್‌ಟಿ ಜಾರಿಯಾದ ಬಳಿಕ ಕಂಪ್ಯೂಟರಿನ ತೆರಿಗೆ ಎರಡೂ ರಾಜ್ಯಗಳಲ್ಲಿ ಒಂದೇ, ಶೇ 18. ಹಾಗಾಗಿ ‘ಅಲ್ಲಿ ತೆರಿಗೆ ಕಡಿಮೆ’ ಎಂಬ ಮಾತಿನಲ್ಲಿ ಹುರುಳಿಲ್ಲ. ಬಿಲ್ ಇಲ್ಲದೆ ಅಗ್ಗವಾಗಿ ಕೊಡುತ್ತೇವೆ ಎಂದರೆ ಒಪ್ಪಬಾರದು. ಬಿಲ್‌ನಲ್ಲಿ ಅಂಗಡಿಯ ಜಿಎಸ್‌ಟಿ ಸಂಖ್ಯೆ, ಯಂತ್ರದ ಕ್ರಮಸಂಖ್ಯೆ, ಮಾದರಿಯ ಹೆಸರು, ದಿನಾಂಕ ಇರಲೇಬೇಕು. ಆ ಕ್ರಮಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ನಮೂದಿಸಿದರೆ ವಾರಂಟಿ ಎಂದಿನಿಂದ ಎಂದಿನವರೆಗೆ ಎಂಬುದು ತಿಳಿಯುತ್ತದೆ.

ವಾರಂಟಿಯಲ್ಲಿ ಎರಡು ಬಗೆ. ಒಂದರಲ್ಲಿ ಸಿಬ್ಬಂದಿ ಮನೆಗೆ ಬಂದು ದುರಸ್ತಿ ಮಾಡುತ್ತಾರೆ, ಇನ್ನೊಂದರಲ್ಲಿ ಗ್ರಾಹಕರೇ ಸೇವಾ ಕೇಂದ್ರಕ್ಕೆ ಒಯ್ಯಬೇಕು. ಮನೆಗೆ ಬರುವ ಸೇವೆ ತಮ್ಮ ಊರಿನ ಪಿನ್‌ಕೋಡ್‌ಗೆ ಅನ್ವಯಿಸುತ್ತದೆಯೇ ಎಂದು ಖರೀದಿಗೆ ಮುನ್ನವೇ ವಿಚಾರಿಸಬೇಕು. ಸಾಮಾನ್ಯ ವಾರಂಟಿಯಲ್ಲಿ ನೀರಿನಿಂದಾದ ಹಾನಿ ಸೇರುವುದಿಲ್ಲ ಎಂಬುದೂ ನೆನಪಿರಲಿ. ಹೆಚ್ಚುವರಿ ಹಣ ಪಡೆದು ಕೊಡುವ ಅಪಘಾತ ರಕ್ಷಣೆಯ ಕರಾರಿನಲ್ಲಿ ನೈಸರ್ಗಿಕ ವಿಕೋಪವನ್ನು ಹೊರಗಿಟ್ಟಿದ್ದಾರೆಯೇ ಎಂದು ಓದಿ ನೋಡಿಯೇ ಹಣ ಕಟ್ಟಬೇಕು.

ಗಡಿಯಾಚೆ ಕೊಂಡ ಯಂತ್ರದ ಬಗ್ಗೆ ವ್ಯಾಜ್ಯ ಬಂದರೆ ಕೊಲ್ಹಾಪುರ, ಸಾಂಗಲಿಗಳಿಗೆ ಅಲೆಯಬೇಕಾಗಿಲ್ಲ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಗ್ರಾಹಕರಿಗೆ ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸುವ ಹಕ್ಕನ್ನು ನೀಡಿದೆ. ಈ ಐದೂ ತಾಲ್ಲೂಕುಗಳವರು ಬೆಳಗಾವಿಯಲ್ಲಿ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ದೂರನ್ನು ಎರಡು ವರ್ಷದೊಳಗೆ ಸಲ್ಲಿಸಬೇಕು. ಅದಕ್ಕೂ ಮುನ್ನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ ಅನೇಕ ವೇಳೆ ಅಲ್ಲಿಯೇ ಪರಿಹಾರ ಸಿಗುತ್ತದೆ.

ನೀರು ಹೊಕ್ಕ ಹಳೆಯ ಯಂತ್ರ

ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರು ಅದು ಹಿಂದೆ ನೀರಿನಲ್ಲಿ ನೆನೆದದ್ದೇ ಎಂದು ಪರೀಕ್ಷಿಸಬೇಕು. ತಳದ ಸ್ಕ್ರೂಗಳಲ್ಲಿ ತುಕ್ಕು, ಯುಎಸ್‌ಬಿ ಕಿಂಡಿಗಳಲ್ಲಿ ಬಿಳಿ ಅಥವಾ ಹಸಿರು ಪುಡಿ, ಗಾಳಿ ಹೋಗುವ ಜಾಲರಿಯಲ್ಲಿ ಒಣಗಿದ ರಾಡಿ, ಪರದೆಯ ಅಂಚಿನಲ್ಲಿ ಕಲೆ ಕಂಡರೆ ಬಿಟ್ಟುಬಿಡುವುದು ಲೇಸು. ಒಣಗಿಸಿದ ಯಂತ್ರ ಕೆಲವು ತಿಂಗಳು ಸರಿಯಾಗಿಯೇ ನಡೆದು ನಂತರ ತುಕ್ಕಿನಿಂದ ಏಕಾಏಕಿ ನಿಂತುಹೋಗಬಹುದು. ಡಿಸ್ಕಿನ ಆರೋಗ್ಯವನ್ನು ತೋರಿಸುವ ‘ಕ್ರಿಸ್ಟಲ್ ಡಿಸ್ಕ್ ಇನ್ಫೋ’ ಎಂಬ ಉಚಿತ ತಂತ್ರಾಂಶವನ್ನು ಅಂಗಡಿಯಲ್ಲಿಯೇ ನಡೆಸಿ ನೋಡಬಹುದು. ‘ಗುಡ್’ ಎಂಬ ಫಲಿತಾಂಶ ಬಾರದ ಡಿಸ್ಕಿಗೆ ಹಣ ಕೊಡಬಾರದು.

ವಿದ್ಯುತ್ ಮತ್ತು ಸಿಡಿಲು

ಮೇಜಿನ ಕಂಪ್ಯೂಟರಿಗೆ 600 ವಿಎ ಸಾಮರ್ಥ್ಯದ ಯುಪಿಎಸ್ ಕನಿಷ್ಠ ಅಗತ್ಯ. ಅದು ಕೊಡುವ ಕೆಲವು ನಿಮಿಷಗಳು ಕೆಲಸ ಉಳಿಸಿ ಯಂತ್ರವನ್ನು ಕ್ರಮವಾಗಿ ಮುಚ್ಚುವುದಕ್ಕೆ ಮಾತ್ರ. ಮನೆಯ ಅರ್ಥಿಂಗ್ ಸರಿಯಿಲ್ಲದಿದ್ದರೆ ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿದಾಗ ಜುಮ್ಮೆನ್ನುತ್ತದೆ. ಇದನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಬೇಕು. ಗುಡುಗು ಮಿಂಚಿನ ವೇಳೆ ವಿದ್ಯುತ್ ಪ್ಲಗ್ ಜೊತೆಗೆ ಬ್ರಾಡ್‌ಬ್ಯಾಂಡಿನ ತಾಮ್ರದ ಕೇಬಲನ್ನೂ ಕಿತ್ತಿಡಬೇಕು. ಸಿಡಿಲಿನ ಆಘಾತ ಅದರ ಮೂಲಕವೂ ಬರಬಲ್ಲದು.

ಯಾವುದನ್ನು ಮೊದಲು ಕಾಪಾಡಬೇಕು?

ಎಲ್ಲ ಕಡತಗಳೂ ಸಮಾನವಲ್ಲ. ಪಹಣಿಯನ್ನು ಭೂಮಿ ತಂತ್ರಾಂಶದ ಮೂಲಕ ಮತ್ತೆ ಪಡೆಯಬಹುದು. ಎಸ್‌ಎಸ್‌ಎಲ್‌ಸಿ, ಪಿಯುಸಿ ಅಂಕಪಟ್ಟಿಗಳು, ಆಧಾರ್, ವಾಹನ ಚಾಲನಾ ಪರವಾನಗಿಗಳನ್ನು 2015ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಡಿಜಿಲಾಕರ್‌ನಲ್ಲಿ ಪಡೆಯಬಹುದು. ಚಲನಚಿತ್ರ, ಹಾಡುಗಳು ಹೋದರೆ ನಷ್ಟವಿಲ್ಲ. ಎಲ್ಲಿಯೂ ಮತ್ತೆ ಸಿಗದವು ಕುಟುಂಬದ ಚಿತ್ರಗಳು, ಗತಿಸಿದವರ ಧ್ವನಿ ಮತ್ತು ವಿಡಿಯೊಗಳು, ಅಂಗಡಿಯ ಬಾಕಿ ಲೆಕ್ಕ, ವಿದ್ಯಾರ್ಥಿಯ ಪ್ರಾಜೆಕ್ಟ್ ವರದಿ, ಸ್ವಂತ ಬರಹಗಳು. ಇವನ್ನೆಲ್ಲ ಒಂದೇ ಫೋಲ್ಡರ್‌ನಲ್ಲಿ ಸೇರಿಸಿಟ್ಟರೆ ಕೆಲಸ ಅರ್ಧ ಮುಗಿದಂತೆ. ಹೆಚ್ಚಿನ ಮನೆಗಳಲ್ಲಿ ಇದರ ಗಾತ್ರ ಎಣಿಸಿದ್ದಕ್ಕಿಂತ ಕಡಿಮೆಯೇ ಇರುತ್ತದೆ.

ಕಡತಗಳ ರಕ್ಷಣೆಯಲ್ಲಿ ಜಗತ್ತಿನೆಲ್ಲೆಡೆ ಒಪ್ಪಿತವಾದ ಸೂತ್ರವೆಂದರೆ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ಮೂಲ ಪ್ರತಿ ಕಂಪ್ಯೂಟರಿನಲ್ಲಿ ಇರಲಿ. ಎರಡನೆಯದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ. ಮೂರನೆಯದು ಅಂತರಜಾಲದ ಸಂಗ್ರಹದಲ್ಲಿ, ಇಲ್ಲವೆ ದೂರದ ಊರಿನ ನೆಂಟರ ಮನೆಯಲ್ಲಿ ಇರಲಿ. ಮಾಂಜರಿ ಅಥವಾ ಜುಗೂಳದ ಮನೆಯವರು ಅದೇ ಊರಿನ ಅಣ್ಣನ ಮನೆಯಲ್ಲಿ ಪ್ರತಿಯಿಟ್ಟರೆ ನೀರು ಎರಡೂ ಮನೆಗಳಿಗೆ ಬರುತ್ತದೆ. ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ಇರುವ ಮಗಳ ಮನೆ, ಸೋದರಮಾವನ ಮನೆ ಇದಕ್ಕೆ ಸೂಕ್ತ. ಹಬ್ಬಕ್ಕೆ ಹೋದಾಗಲೆಲ್ಲ ಡಿಸ್ಕು ಬದಲಿಸಿ ತಂದರಾಯಿತು.

ಗೂಗಲ್ ಖಾತೆಯಲ್ಲಿ 15 ಜಿಬಿವರೆಗೆ, ಮೈಕ್ರೋಸಾಫ್ಟ್‌ನ ಒನ್‌ಡ್ರೈವ್‌ನಲ್ಲಿ 5 ಜಿಬಿವರೆಗೆ ಉಚಿತ ಜಾಗ ಇದೆ. ಗೂಗಲ್‌ನ ಜಾಗ ಇಮೇಲ್ ಮತ್ತು ಚಿತ್ರಗಳಿಗೂ ಸೇರಿದ್ದು. ಒಂದು ಸೂಕ್ಷ್ಮವನ್ನು ಮರೆಯಬಾರದು. ಕಂಪ್ಯೂಟರಿನೊಂದಿಗೆ ತಾನೇ ಸರಿಹೊಂದಿಸಿಕೊಳ್ಳುವ ಸಂಗ್ರಹದಲ್ಲಿ ಒಂದೆಡೆ ಅಳಿಸಿದ ಕಡತ ಇನ್ನೊಂದೆಡೆಯೂ ಅಳಿಯುತ್ತದೆ. ಆದ್ದರಿಂದ ಹೊರಗಿನ ಡಿಸ್ಕಿನ ಪ್ರತಿಗೆ ಅದು ಪರ್ಯಾಯವಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯವಾಗಿ ಕಳಿಸುವ ಚಿತ್ರಗಳ ಗುಣಮಟ್ಟ ಕುಗ್ಗುವುದರಿಂದ ಅದನ್ನೂ ಸಂಗ್ರಹವೆಂದು ಭಾವಿಸಬಾರದು. ಪೆನ್‌ಡ್ರೈವ್ ಕಡತ ಸಾಗಿಸಲಿಕ್ಕೆ ಸರಿ, ವರ್ಷಗಟ್ಟಲೆ ಕಾಪಿಡಲಿಕ್ಕೆ ಅಲ್ಲ.

ಬೀಗದ ಕೈ ಎಲ್ಲಿದೆ?

ಬಹಳಷ್ಟು ಜನರಿಗೆ ತಿಳಿಯದ ಸಂಗತಿಯೊಂದಿದೆ. ಇತ್ತೀಚಿನ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯೊಂದಿಗೆ ವಿಂಡೋಸ್ 11 ಆರಂಭಿಸಿದಾಗ ಡಿಸ್ಕು ತಾನಾಗಿಯೇ ಗೂಢಲಿಪಿಗೆ ಬದಲಾಗಬಹುದು. 2024ರಲ್ಲಿ ಬಂದ 24ಎಚ್2 ಆವೃತ್ತಿಯಿಂದ ಇದು ಇನ್ನಷ್ಟು ಯಂತ್ರಗಳಿಗೆ ವಿಸ್ತರಿಸಿತು. ಕಳ್ಳತನವಾದರೆ ಇದು ರಕ್ಷಣೆ. ಆದರೆ ನೆರೆಯಲ್ಲಿ ಮದರ್‌ಬೋರ್ಡ್ ಕೆಟ್ಟು, ಉಳಿದ ಎಸ್‌ಎಸ್‌ಡಿಯನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿದಾಗ ಅದು 48 ಅಂಕಿಗಳ ರಿಕವರಿ ಕೀಲಿಯನ್ನು ಕೇಳುತ್ತದೆ. ಕೀಲಿಯಿಲ್ಲದಿದ್ದರೆ ಎಂಥ ತಜ್ಞರೂ ಕಡತ ತೆಗೆದುಕೊಡಲಾರರು.

ಈ ಕೀಲಿ ಸಾಮಾನ್ಯವಾಗಿ ಮಾಲೀಕರ ಮೈಕ್ರೋಸಾಫ್ಟ್ ಖಾತೆಯಲ್ಲಿ, ಸಾಧನಗಳ ವಿಭಾಗದಲ್ಲಿ ಇರುತ್ತದೆ. ಇಂದೇ ಅದನ್ನು ತೆರೆದು ಕಾಗದದ ಮೇಲೆ ಬರೆದುಕೊಂಡು, ಪಾಸ್‌ಬುಕ್ ಇಡುವ ಪ್ಲಾಸ್ಟಿಕ್ ಚೀಲದಲ್ಲಿಯೇ ಇಡಬೇಕು. ಅಂಗಡಿಯವರು ತಮ್ಮದೇ ಖಾತೆಯಿಂದ ಯಂತ್ರವನ್ನು ಆರಂಭಿಸಿಕೊಟ್ಟಿದ್ದರೆ ಕೀಲಿ ಅವರ ಖಾತೆಗೆ ಹೋಗಿರುತ್ತದೆ. ಹೊಸ ಯಂತ್ರವನ್ನು ಮನೆಯವರ ಹೆಸರಿನ ಖಾತೆಯಿಂದಲೇ ಆರಂಭಿಸುವುದು ಇದೇ ಕಾರಣಕ್ಕೆ ಮುಖ್ಯ.

ನೀರಿನಲ್ಲಿ ನೆನೆದಾಗ

ನೆರೆ ಇಳಿದು ಮನೆಗೆ ಮರಳಿದ ದಿನ ಮಾಡುವ ತಪ್ಪುಗಳೇ ಹೆಚ್ಚಿನ ಕಡತಗಳನ್ನು ನಾಶಮಾಡುತ್ತವೆ. ಮೊದಲಿಗೆ, ತೇವವಿರುವ ಮನೆಯಲ್ಲಿ ಯಾವ ಸ್ವಿಚ್ಚನ್ನೂ ಮುಟ್ಟಬಾರದು. ವಿದ್ಯುತ್ ದೂರುಗಳಿಗೆ 1912ಕ್ಕೆ ಕರೆ ಮಾಡಿ ಹೆಸ್ಕಾಂ ಸಿಬ್ಬಂದಿ ಅಥವಾ ಎಲೆಕ್ಟ್ರಿಷಿಯನ್ ಪರೀಕ್ಷಿಸಿದ ಮೇಲೆಯೇ ವಿದ್ಯುತ್ ಸಂಪರ್ಕ ಕೊಡಿಸಬೇಕು. ಜೀವಕ್ಕಿಂತ ಕಡತ ದೊಡ್ಡದಲ್ಲ.

* ‘ನಡೆಯುತ್ತದೆಯೇ ನೋಡೋಣ’ ಎಂದು ಯಂತ್ರವನ್ನು ಚಾಲೂ ಮಾಡಬಾರದು. ಒಳಗಿನ ನೀರು ಮತ್ತು ರಾಡಿಯ ಮೂಲಕ ವಿದ್ಯುತ್ ಹರಿದರೆ ಉಳಿಯಬಹುದಾದ ಭಾಗಗಳೂ ಸುಡುತ್ತವೆ.

* ನೆನೆದ ಲ್ಯಾಪ್‌ಟಾಪ್ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು. ಲಿಥಿಯಂ ಬ್ಯಾಟರಿಗಳು ನೆನೆದ ಕೆಲವು ದಿನಗಳ ನಂತರವೂ ಹೊತ್ತಿಕೊಳ್ಳಬಹುದು. ಅದನ್ನು ಮನೆಯ ಹೊರಗೆ, ಉರಿಯುವ ವಸ್ತುಗಳಿಂದ ದೂರ ಇಡಬೇಕು.

* ಹಾರ್ಡ್ ಡಿಸ್ಕನ್ನು ಬಿಸಿಲಿಗೆ ಇಡುವುದು, ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಕೊಡುವುದು, ಅಕ್ಕಿಯ ಡಬ್ಬಿಯಲ್ಲಿ ಹುಗಿಯುವುದು ಇವೆಲ್ಲ ಕೇಡು. ಹೆಚ್ಚಿನ ಹಾರ್ಡ್ ಡಿಸ್ಕುಗಳಿಗೆ ಗಾಳಿಯಾಡಲು ಸಣ್ಣ ರಂಧ್ರವಿದ್ದು, ಅದರಿಂದ ರಾಡಿನೀರು ಒಳಹೊಕ್ಕಿರುತ್ತದೆ. ಆ ರಾಡಿ ತಟ್ಟೆಗಳ ಮೇಲೆ ಒಣಗಿ ಅಂಟಿಕೊಂಡರೆ ತೆಗೆಯುವುದು ಕಷ್ಟ. ಒದ್ದೆಯಾಗಿಯೇ, ಒದ್ದೆ ಬಟ್ಟೆಯ ಜೊತೆ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಆದಷ್ಟು ಬೇಗ ತಜ್ಞರಿಗೆ ತಲುಪಿಸಬೇಕು.

* ಡಿಸ್ಕಿನ ಮುಚ್ಚಳವನ್ನು ಎಂದಿಗೂ ಬಿಚ್ಚಬಾರದು. ತಟ್ಟೆಗೂ ಅದನ್ನು ಓದುವ ತಲೆಗೂ ನಡುವಿನ ಅಂತರ ಧೂಳಿನ ಕಣಕ್ಕಿಂತ ಕಡಿಮೆ. ಧೂಳುರಹಿತ ಕೋಣೆ ಇರುವ ಪ್ರಯೋಗಾಲಯದಲ್ಲಿ ಮಾತ್ರ ಆ ಕೆಲಸ ಸಾಧ್ಯ.

* ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗಗಳಿಲ್ಲ. ವಿದ್ಯುತ್ ಕೊಡದೆ ತಂದರೆ ತಂತ್ರಜ್ಞರು ಅದನ್ನು ಶುದ್ಧಗೊಳಿಸಿ ಕಡತ ತೆಗೆಯುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ.

ಧೂಳುರಹಿತ ಕೋಣೆಯ ಪ್ರಯೋಗಾಲಯಗಳು ಪುಣೆ, ಮುಂಬೈ, ಬೆಂಗಳೂರಿನಂಥ ನಗರಗಳಲ್ಲಿವೆ. ಈ ಭಾಗದವರಿಗೆ ಪುಣೆಯೇ ಹತ್ತಿರ. ಡಿಸ್ಕು ಕೊಡುವ ಮುನ್ನ ಪರೀಕ್ಷಾ ಶುಲ್ಕವೆಷ್ಟು, ಕಡತ ಸಿಗದಿದ್ದರೆ ಹಣ ಕೊಡಬೇಕೇ, ಸಿಕ್ಕ ಕಡತಗಳ ಪಟ್ಟಿಯನ್ನು ಹಣ ಕಟ್ಟುವ ಮೊದಲೇ ತೋರಿಸುತ್ತಾರೆಯೇ ಎಂಬುದನ್ನು ಬರಹದಲ್ಲಿ ಪಡೆಯಬೇಕು. ಈ ಕೆಲಸಕ್ಕೆ ಹೊಸ ಲ್ಯಾಪ್‌ಟಾಪಿನಷ್ಟೇ ವೆಚ್ಚವಾಗುವುದುಂಟು. ಹೊರಗಿನ ಡಿಸ್ಕಿಗೆ ಮೊದಲೇ ಖರ್ಚು ಮಾಡುವುದು ಏಕೆ ಲಾಭವೆಂಬುದು ಇದರಿಂದ ತಿಳಿಯುತ್ತದೆ.

ಅಳಿಸಿದ ಕಡತ, ತೆರೆಯದ ಕಂಪ್ಯೂಟರ್

ಕೈತಪ್ಪಿ ಅಳಿಸಿದ ಕಡತವನ್ನು ಮೊದಲು ರೀಸೈಕಲ್ ಬಿನ್‌ನಲ್ಲಿ ಹುಡುಕಬೇಕು. ಗೂಗಲ್ ಡ್ರೈವ್‌ನ ಬುಟ್ಟಿಯಲ್ಲಿ ಅಳಿಸಿದ ಕಡತಗಳು 30 ದಿನ ಉಳಿಯುತ್ತವೆ. ಅಲ್ಲಿಯೂ ಇಲ್ಲದಿದ್ದರೆ ಆ ಡಿಸ್ಕಿನ ಬಳಕೆಯನ್ನು ತಕ್ಷಣ ನಿಲ್ಲಿಸಬೇಕು. ಅಳಿಸಿದ ಕಡತ ಕೂಡಲೇ ಮಾಯವಾಗುವುದಿಲ್ಲ. ಅದರ ಜಾಗ ಖಾಲಿಯೆಂದು ಗುರುತಾಗಿ, ಹೊಸದು ಬರೆಯುವವರೆಗೆ ಹಾಗೆಯೇ ಉಳಿಯುತ್ತದೆ. ರೆಕುವಾ, ಫೋಟೋರೆಕ್ ಮುಂತಾದ ತಂತ್ರಾಂಶಗಳು ಅದನ್ನು ಹುಡುಕಿಕೊಡುತ್ತವೆ. ಆದರೆ ಅವನ್ನು ಅದೇ ಡಿಸ್ಕಿನಲ್ಲಿ ಸ್ಥಾಪಿಸಬಾರದು, ಸಿಕ್ಕ ಕಡತಗಳನ್ನೂ ಬೇರೆ ಡಿಸ್ಕಿನಲ್ಲಿಯೇ ಉಳಿಸಬೇಕು. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಎಂಬ ವ್ಯವಸ್ಥೆಯು ಅಳಿಸಿದ ಜಾಗವನ್ನು ತಾನಾಗಿ ಶುಚಿಗೊಳಿಸುವುದರಿಂದ ಅಲ್ಲಿ ಈ ಅವಕಾಶ ತೀರ ಕಡಿಮೆ.

ಹಾರ್ಡ್ ಡಿಸ್ಕಿನಿಂದ ಟಕ್ ಟಕ್ ಸದ್ದು ಬಂದರೆ ಅದು ಯಾಂತ್ರಿಕ ದೋಷ. ಕೂಡಲೇ ಆರಿಸಬೇಕು. ಡಿಸ್ಕು ಸರಿಪಡಿಸುವ ‘ಚೆಕ್ ಡಿಸ್ಕ್’ ಆಜ್ಞೆಯನ್ನು ಅಂಥ ಡಿಸ್ಕಿನ ಮೇಲೆ ನಡೆಸಿದರೆ ಹಾನಿ ಹೆಚ್ಚುತ್ತದೆ. ಬರಿಯ ವಿಂಡೋಸ್ ತೆರೆಯುತ್ತಿಲ್ಲವಾದರೆ ಗಾಬರಿ ಬೇಡ, ಕಡತಗಳು ಬಹುತೇಕ ಸುರಕ್ಷಿತವಾಗಿಯೇ ಇರುತ್ತವೆ. ದುರಸ್ತಿ ಅಂಗಡಿಯವರು ‘ಫಾರ್ಮ್ಯಾಟ್ ಹೊಡೆಯಬೇಕು’ ಎಂದರೆ ಮೊದಲು ಕಡತಗಳನ್ನು ಬೇರೆ ಡಿಸ್ಕಿಗೆ ತೆಗೆದು ತೋರಿಸಿ ಎಂದು ಕೇಳುವುದು ಗ್ರಾಹಕರ ಹಕ್ಕು.

ಹೊಸದಾಗಿ ವಿಂಡೋಸ್ ಹಾಕಿದ ಮೇಲೆ ಹಳೆಯ ಕನ್ನಡ ಕಡತಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಾಣಿಸಿದರೆ ಅವು ಕೆಟ್ಟಿವೆಯೆಂದು ಭಾವಿಸಿ ಅಳಿಸಬಾರದು. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಅಕ್ಷರಶೈಲಿಗಳಲ್ಲಿ ಟೈಪಿಸಿದ್ದು ಆ ಅಕ್ಷರಶೈಲಿ ಯಂತ್ರದಲ್ಲಿ ಇಲ್ಲದಿದ್ದರೆ ಹಾಗೆ ಕಾಣುತ್ತದೆ. ಅಕ್ಷರಶೈಲಿಯನ್ನು ಮತ್ತೆ ಹಾಕಿದರೆ ಪಠ್ಯ ಮರಳುತ್ತದೆ. ಮರಾಠಿಯಲ್ಲಿಯೂ ಲೆಕ್ಕಪತ್ರ ಬರೆಯುವ ಈ ಭಾಗದ ಅಂಗಡಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಕಡತಗಳ ಜೊತೆ ಅಕ್ಷರಶೈಲಿಗಳನ್ನೂ ಪ್ರತಿ ಮಾಡಿಡುವುದು, ಹಳೆಯ ಪಠ್ಯವನ್ನು ಪರಿವರ್ತಕದ ಮೂಲಕ ಯುನಿಕೋಡ್‌ಗೆ ಬದಲಿಸಿಕೊಳ್ಳುವುದು ಶಾಶ್ವತ ಪರಿಹಾರ.

ನವೀಕರಣ ಏಕೆ, ಹೇಗೆ?

2017ರ ಮೇ 12ರಂದು ‘ವಾನಾಕ್ರೈ’ ಎಂಬ ಕುತಂತ್ರಾಂಶ 150ಕ್ಕೂ ಹೆಚ್ಚು ದೇಶಗಳಲ್ಲಿ ಹರಡಿ, ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ಬಳಸಿದ ದೋಷಕ್ಕೆ ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲಿ ಪರಿಹಾರ ಬಿಡುಗಡೆ ಮಾಡಿತ್ತು. ನವೀಕರಣವನ್ನು ಮುಂದೂಡಿದವರೇ ಹೆಚ್ಚಾಗಿ ಬಲಿಯಾದರು. ಕಡತಗಳ ಪಾಲಿಗೆ ಇದೂ ಒಂದು ಪ್ರವಾಹವೇ. ಹೊರಗಿನ ಡಿಸ್ಕನ್ನು ಸದಾ ಕಂಪ್ಯೂಟರಿಗೆ ಸಿಕ್ಕಿಸಿಟ್ಟರೆ ಅದರಲ್ಲಿರುವ ಪ್ರತಿಗೂ ಬೀಗ ಬೀಳುತ್ತದೆ. ಪ್ರತಿ ಮಾಡಿದೊಡನೆ ಡಿಸ್ಕನ್ನು ಕಳಚಿಡಬೇಕು. ಬೀಗ ಬಿದ್ದ ಕಡತಗಳಿಗೆ 2016ರಲ್ಲಿ ಡಚ್ ಪೊಲೀಸರು, ಯುರೋಪೋಲ್ ಮತ್ತು ಭದ್ರತಾ ಸಂಸ್ಥೆಗಳು ಸೇರಿ ಆರಂಭಿಸಿದ ‘ನೋ ಮೋರ್ ರ್‍ಯಾನ್ಸಮ್’ ತಾಣದಲ್ಲಿ ಕೆಲವು ಬಗೆಯ ಕೀಲಿಗಳು ಉಚಿತವಾಗಿ ಸಿಗುತ್ತವೆ.

ವಿಂಡೋಸ್ ಆವೃತ್ತಿಗಳಿಗೆ ಸಾಮಾನ್ಯ ಬೆಂಬಲ ಕೊನೆಗೊಂಡ ದಿನಗಳು ಹೀಗಿವೆ:

* ವಿಂಡೋಸ್ ಎಕ್ಸ್‌ಪಿ: 2014ರ ಏಪ್ರಿಲ್ 8
* ವಿಂಡೋಸ್ 7: 2020ರ ಜನವರಿ 14
* ವಿಂಡೋಸ್ 8.1: 2023ರ ಜನವರಿ 10
* ವಿಂಡೋಸ್ 10: 2025ರ ಅಕ್ಟೋಬರ್ 14

ಆಫೀಸ್ 2016 ಮತ್ತು 2019ರ ಬೆಂಬಲವೂ ವಿಂಡೋಸ್ 10ರ ದಿನವೇ ಮುಗಿಯಿತು. ವಿಂಡೋಸ್ 10 ಬಳಸುವ ಮನೆಗಳಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಪರಿಹಾರಗಳನ್ನು ಪಡೆಯುವ ವಿಸ್ತೃತ ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿತ್ತು. ಇದು ಕಾಲಾವಕಾಶವೇ ಹೊರತು ಪರಿಹಾರವಲ್ಲ. ತಮ್ಮ ಯಂತ್ರ ವಿಂಡೋಸ್ 11ಕ್ಕೆ ಅರ್ಹವೇ ಎಂಬುದನ್ನು ಮೈಕ್ರೋಸಾಫ್ಟ್‌ನ ಉಚಿತ ‘ಪಿಸಿ ಹೆಲ್ತ್ ಚೆಕ್’ ತಂತ್ರಾಂಶದಿಂದ ತಿಳಿಯಬಹುದು. ಪ್ರೊಸೆಸರ್ ಅರ್ಹವಾಗಿದ್ದೂ ‘ಟಿಪಿಎಂ 2.0 ಇಲ್ಲ’ ಎಂದು ಬಂದರೆ ಅದು ಬಯೋಸ್‌ನಲ್ಲಿ ಆರಿಸಿಟ್ಟಿರಬಹುದು, ತಂತ್ರಜ್ಞರಿಂದ ಪರೀಕ್ಷಿಸಬೇಕು. ಅರ್ಹವಲ್ಲದ ಆದರೆ ಚೆನ್ನಾಗಿ ನಡೆಯುವ ಯಂತ್ರವನ್ನು ಎಸೆಯಬೇಕಾಗಿಲ್ಲ. ಅದಕ್ಕೆ ಲಿನಕ್ಸ್ ಮಿಂಟ್ ಹಾಕಿ, ಲಿಬ್ರೆ ಆಫೀಸ್ ಬಳಸಿದರೆ ಓದು ಬರಹಕ್ಕೆ ಇನ್ನೂ ಕೆಲವು ವರ್ಷ ಬರುತ್ತದೆ.

ವಿಂಡೋಸ್ ಭದ್ರತಾ ನವೀಕರಣ ಪ್ರತಿ ತಿಂಗಳ ಎರಡನೆಯ ಮಂಗಳವಾರ ಬಿಡುಗಡೆಯಾಗುತ್ತದೆ. ಭಾರತದಲ್ಲಿ ಅದು ಮಂಗಳವಾರ ರಾತ್ರಿಯ ನಂತರ ದೊರೆಯುತ್ತದೆ. ಆ ವಾರದ ಒಂದು ದಿನವನ್ನು ಇದಕ್ಕೆಂದು ಇಟ್ಟುಕೊಳ್ಳಬಹುದು. ಮೊದಲು ಕಡತಗಳ ಪ್ರತಿ, ಆಮೇಲೆ ನವೀಕರಣ ಎಂಬುದು ಕ್ರಮವಾಗಲಿ. ಬಿಡುಗಡೆಯಾದ ನವೀಕರಣವೇ ಕೆಡುವುದೂ ಉಂಟು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯ ದೋಷಪೂರಿತ ನವೀಕರಣದಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನಿಂತುಹೋದವು.

ನವೀಕರಣ ನಡೆಯುವಾಗ ವಿದ್ಯುತ್ ಕಡಿತವಾಗಬಾರದು. ಲ್ಯಾಪ್‌ಟಾಪ್ ಬ್ಯಾಟರಿ ತುಂಬಿರಲಿ, ಮೇಜಿನ ಕಂಪ್ಯೂಟರ್ ಯುಪಿಎಸ್‌ಗೆ ಜೋಡಿಸಿರಲಿ. ವಿದ್ಯುತ್ ಏರುಪೇರಾಗುವ ಮಳೆಗಾಲದ ದಿನಗಳಲ್ಲಿ ಬಯೋಸ್ ನವೀಕರಣವಂತೂ ಬೇಡ. ಮಧ್ಯದಲ್ಲಿ ನಿಂತರೆ ಮದರ್‌ಬೋರ್ಡೇ ಕೆಡಬಹುದು. ಮೊಬೈಲ್ ಹಾಟ್‌ಸ್ಪಾಟ್ ಬಳಸುವವರು ಆ ಸಂಪರ್ಕವನ್ನು ‘ಮೀಟರ್ಡ್’ ಎಂದು ಗುರುತಿಸಿದರೆ ದೊಡ್ಡ ಕಡತಗಳು ತಾವಾಗಿ ಇಳಿದು ಡೇಟಾ ಮುಗಿಯುವುದು ತಪ್ಪುತ್ತದೆ. ಆದರೆ ತಿಂಗಳಿಗೊಮ್ಮೆ ವೈಫೈ ಇರುವಲ್ಲಿ ನವೀಕರಿಸುವುದನ್ನು ಮರೆಯಬಾರದು.

‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಈ ಸಂಖ್ಯೆಗೆ ಕರೆ ಮಾಡಿ’ ಎಂಬ ಪರದೆ ಜಾಲತಾಣ ನೋಡುವಾಗ ಬಂದರೆ ಅದು ವಂಚನೆ. ನಿಜವಾದ ನವೀಕರಣ ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿಯೇ ಬರುತ್ತದೆ, ಫೋನ್ ಸಂಖ್ಯೆ ಕೊಡುವುದಿಲ್ಲ. ದೂರದಿಂದ ಯಂತ್ರ ನಿಯಂತ್ರಿಸುವ ತಂತ್ರಾಂಶ ಹಾಕಿಕೊಳ್ಳಿ ಎಂದು ಅಪರಿಚಿತರು ಹೇಳಿದರೆ ಒಪ್ಪಬಾರದು. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ವಿಮೆ

2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಗೃಹ ವಿಮೆ ಜಾರಿಯಲ್ಲಿದೆ. ಪ್ರವಾಹವೂ ಇದರ ವ್ಯಾಪ್ತಿಗೆ ಸೇರಿದೆ. ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಯೊಳಗಿನ ಸಾಮಾನುಗಳಿಗೆ ಪ್ರತ್ಯೇಕ ಪಟ್ಟಿಯಿಲ್ಲದೆ ರಕ್ಷಣೆ ದೊರೆಯುತ್ತದೆ. ಕಂಪ್ಯೂಟರಿನ ಬಿಲ್ಲು ಮತ್ತು ಚಿತ್ರವನ್ನು ಅಂತರಜಾಲದ ಸಂಗ್ರಹದಲ್ಲಿಟ್ಟರೆ ಪರಿಹಾರ ಕೇಳುವಾಗ ಅನುಕೂಲ. ವಿಮೆ ಯಂತ್ರದ ಬೆಲೆ ಕೊಡಬಹುದು, ಕಡತಗಳನ್ನಲ್ಲ.

ಮಳೆಗಾಲಕ್ಕೆ ಮುನ್ನ

ಮೃಗಶಿರಾ ಮಳೆ ಕೂಡುವ ಜೂನ್ ಮೊದಲ ವಾರಕ್ಕೆ ಮುನ್ನ ಒಂದು ಭಾನುವಾರವನ್ನು ಈ ಕೆಲಸಗಳಿಗೆ ಮೀಸಲಿಡಬೇಕು:

* ಮುಖ್ಯ ಕಡತಗಳ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ಪ್ರತಿ ಮಾಡಿ, ಕೆಲವು ಚಿತ್ರಗಳನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡುವುದು.
* ಆ ಡಿಸ್ಕನ್ನು ನದಿಯಿಂದ ದೂರದ ಊರಿಗೆ ಕಳುಹಿಸುವುದು.
* ರಿಕವರಿ ಕೀಲಿ, ಮೈಕ್ರೋಸಾಫ್ಟ್ ಮತ್ತು ಗೂಗಲ್ ಖಾತೆಗಳ ವಿವರ ಕಾಗದದ ಮೇಲೆ ಇವೆಯೇ ಎಂದು ನೋಡುವುದು.
* ವಿಂಡೋಸ್ ನವೀಕರಣ ಪೂರ್ಣಗೊಳಿಸುವುದು.
* ಸಣ್ಣ ಸ್ಕ್ರೂಡ್ರೈವರ್ ಮತ್ತು ದಪ್ಪ ಪ್ಲಾಸ್ಟಿಕ್ ಚೀಲವನ್ನು ಕಂಪ್ಯೂಟರಿನ ಬಳಿಯೇ ಇಡುವುದು.

ಕೃಷ್ಣೆಯ ಮೇಲ್ಭಾಗದಲ್ಲಿ ಮಳೆ ಜೋರಾಗಿ, ಕೊಯ್ನಾ ಜಲಾಶಯದಿಂದ ನೀರು ಬಿಡುವ ಸುದ್ದಿ ಬಂದೊಡನೆ ನದಿತೀರದವರು ಎಚ್ಚರಗೊಳ್ಳುತ್ತಾರೆ. ಮೊದಲು ಮುಳುಗುವುದು ಕಲ್ಲೋಳ-ಯಡೂರ, ಕಾರದಗಾ-ಭೋಜ, ಜತ್ರಾಟ-ಭಿವಶಿಯಂಥ ಕೆಳಮಟ್ಟದ ಸೇತುವೆಗಳು. ಅವು ಮುಳುಗಿದ ಮೇಲೆ ಸಂಚಾರಕ್ಕೆ ಸುತ್ತುಬಳಸಿನ ದಾರಿಯೇ ಗತಿ, ಪೇಟೆಗೆ ಹೋಗಿ ಹೊಸ ಡಿಸ್ಕು ತರುವ ಸಮಯವೂ ಅದಲ್ಲ. ಆ ಸುದ್ದಿ ಬರುವ ಹೊತ್ತಿಗೆ ಕಡತಗಳ ಒಂದು ಪ್ರತಿ ಆಗಲೇ ಬೇರೆ ಊರು ಸೇರಿದ್ದರೆ, ಮನೆಯವರು ಮಕ್ಕಳು, ವೃದ್ಧರು ಮತ್ತು ದನಕರುಗಳ ಕಡೆ ಪೂರ್ಣ ಗಮನ ಕೊಡಬಹುದು.